ಹುಲಿಗೆ ಲೆಕ್ಕ, ಮನುಷ್ಯನಿಗೆ ಸಮಿತಿ

2025ರ ಜೂನ್ 26ರಂದು ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದ ಕಾಡಿನಲ್ಲಿ ತಾಯಿ ಹುಲಿಯೊಂದು ನಾಲ್ಕು ಮರಿಗಳ ಜೊತೆ ಸತ್ತು ಬಿದ್ದಿತ್ತು. ಮಾದಪ್ಪನ ವಾಹನಕ್ಕೇ ವಿಷ! ಜೀಪುಗಳು ಬಂದವು, ಡಾಕ್ಟರು ಬಂದರು, ಹೊಟ್ಟೆ ಕೊಯ್ದು ನೋಡಿದರು. ಹತ್ತಿರದಲ್ಲೇ ಹಸುವಿನ ಕಳೇಬರ ಸಿಕ್ಕಿತು, ಅದರಲ್ಲಿ ಕ್ರಿಮಿನಾಶಕ ಸಿಕ್ಕಿತು, ಹಸುವಿನ ಜಾಡು ಹಿಡಿದು ಹೋದರೆ ಯಾರ ಕೊಟ್ಟಿಗೆಯದೆಂದೂ ಗೊತ್ತಾಯಿತು. ಎರಡು ಮೂರು ದಿನದಲ್ಲಿ ಮೂವರು ಒಳಗೆ. ಕಾಡು ಕಾಯುವ ಗುತ್ತಿಗೆ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ ಎಂಬುದೂ ಈ ಗಲಾಟೆಯಲ್ಲಿ ಹೊರಬಿತ್ತು. ಸರ್ಕಾರಕ್ಕೆ ಮನಸ್ಸಿದ್ದರೆ ಸಾವಿನ ಮೂಲ ಹುಡುಕುವುದು ಇಷ್ಟು ಸಲೀಸು.

ಮರುದಿನ, ಜೂನ್ 27ರಂದು, ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಕೊರೊನಾ ಎಲ್ಲಿಂದ ಬಂತೆಂಬ ವರದಿ ಕೊಟ್ಟರು. ಮೂರು ವರ್ಷಕ್ಕೂ ಮೀರಿದ ಕೆಲಸ. ತಾತ್ಪರ್ಯ ಇಷ್ಟು: ಪ್ರಾಣಿಯಿಂದ ಬಂದಿರಬಹುದು, ಪ್ರಯೋಗಾಲಯದಿಂದ ಅಲ್ಲವೇ ಅಲ್ಲ ಎನ್ನಲೂ ಆಗದು, ಕೇಳಿದ ಮಾಹಿತಿಯನ್ನು ಚೀನಾ ಪೂರ್ತಿ ಕೊಡಲಿಲ್ಲ. ಸಂಬಳವಿಲ್ಲದಿದ್ದರೂ ಸರಿ, ನಮ್ಮ ಕಡೆಯ ಇಬ್ಬರು ವಾಚರ್‌ಗಳನ್ನು ವುಹಾನಿಗೆ ಕಳಿಸಬೇಕಿತ್ತು.

ಚೀನಾವನ್ನು ಬೈದು ಕೈ ತೊಳೆದುಕೊಳ್ಳೋಣವೆಂದರೆ ನಂಜನಗೂಡು ಅಡ್ಡ ಬರುತ್ತದೆ. 2020ರ ಮಾರ್ಚ್ ಕೊನೆಗೆ ಅಲ್ಲಿನ ಜುಬಿಲಂಟ್ ಔಷಧ ಕಾರ್ಖಾನೆಯ ನೌಕರರೊಬ್ಬರು ರೋಗಿ ಸಂಖ್ಯೆ 52 ಆದರು. ವಿದೇಶಕ್ಕೆ ಹೋದವರಲ್ಲ. ನೋಡನೋಡುತ್ತಾ ಸೋಂಕಿತರು 70 ದಾಟಿದರು. ಚೀನಾದಿಂದ ಬಂದ ಕಚ್ಚಾವಸ್ತುವಿನ ಮೇಲೆ ಅನುಮಾನ. ಪರೀಕ್ಷೆಯಲ್ಲಿ ವೈರಸ್ ಸಿಗಲಿಲ್ಲ. ಸರ್ಕಾರ ಐಎಎಸ್ ಅಧಿಕಾರಿ ಹರ್ಷ ಗುಪ್ತ ಅವರನ್ನು ತನಿಖೆಗೆ ನೇಮಿಸಿತು. ಮೊದಲ ಸೋಂಕು ಒಳಗೆ ಬಂದದ್ದು ಹೇಗೆಂದು ಜನ ಒಪ್ಪುವಂಥ ಉತ್ತರ ಇವತ್ತಿಗೂ ಇಲ್ಲ. ಆ ವರ್ಷದ ಮೇ ತಿಂಗಳಲ್ಲಿ ಅದೇ ಜುಬಿಲಂಟ್ ಸಮೂಹಕ್ಕೆ ರೆಮ್ಡೆಸಿವಿರ್ ತಯಾರಿಸುವ ಪರವಾನಗಿ ದೊರೆಯಿತು. ರೋಗದ ಮೂಲ ಸಿಗದಿದ್ದರೇನು, ಮದ್ದಿನ ಮೂಲ ಸಿಕ್ಕಿತಲ್ಲ!

ಅದೇ ವರ್ಷದ ಜೂನ್‌ನಲ್ಲಿ, ಅಲ್ಲಿಯವರೆಗೂ ಸೋಂಕಿಲ್ಲದೆ ಬೀಗುತ್ತಿದ್ದ ಚಾಮರಾಜನಗರ ಜಿಲ್ಲೆಗೆ ಮೊದಲ ಪ್ರಕರಣ ಬಂತು. ಮುಂಬೈನಿಂದ ಹನೂರು ತಾಲ್ಲೂಕಿಗೆ ಬಂದ ಹುಡುಗ. ಎಲ್ಲಿಂದ ಬಂದ, ಯಾರ ಮನೆಗೆ ಬಂದ, ಎಲ್ಲವೂ ಬೆಳಗಾಗುವುದರೊಳಗೆ ಊರಿಗೇ ಗೊತ್ತು. ಮೂಲ ಎಂಬುದು ಬಡಪಾಯಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಂತೆ ಎದ್ದು ಕಾಣುತ್ತದೆ, ಕಾರ್ಖಾನೆಯ ಗೇಟು ದಾಟಿದರೆ ಮಾಯ.

ಇನ್ನು 2021ರ ಮೇ 2ರ ರಾತ್ರಿ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಬೆಳಗಾಗುವ ಹೊತ್ತಿಗೆ 24 ಗಂಟೆಯಲ್ಲಿ ಸತ್ತವರು 24. ಆಕ್ಸಿಜನ್ ಇಲ್ಲದೆ ಸತ್ತವರು ಮೂವರೇ ಎಂದರು ಆಗಿನ ಆರೋಗ್ಯ ಸಚಿವರು. ಮಿಕ್ಕವರು ಬಹುಶಃ ಅವರ ಜೊತೆ ಸುಮ್ಮನೆ ಹೋಗಿದ್ದರು. ಹೈಕೋರ್ಟು ವರದಿ ಕೇಳಿತು. ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಸಮಿತಿ 36 ಎಂದಿತು. ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರದ ಉತ್ತರ: ಆಕ್ಸಿಜನ್ ಕೊರತೆಯಿಂದ ಸಾವು ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಅಂದರೆ ಸೊನ್ನೆ. ಮೂರು, ಮೂವತ್ತಾರು, ಸೊನ್ನೆ. ನಮ್ಮೂರ ಶಾಲೆಯಲ್ಲಿ ಹೀಗೆ ಲೆಕ್ಕ ಮಾಡಿದ್ದರೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇಲ್ಲಿ ನಿಲ್ಲಿಸಿದ್ದು ಸತ್ತವರ ಮನೆಯವರನ್ನು, ಕಚೇರಿಯ ಮುಂದೆ. ಸಮಿತಿಯ ಜೊತೆಗೆ ನಿವೃತ್ತ ನ್ಯಾಯಮೂರ್ತಿ ಬಿ.ಎ. ಪಾಟೀಲರ ಆಯೋಗವೂ ಬಂತು. 2023ರಲ್ಲಿ ಸರ್ಕಾರ ಬದಲಾಯಿತು. ಅಂದು ಎದೆ ಬಡಿದುಕೊಂಡಿದ್ದವರೇ ಮಂತ್ರಿಗಳಾಗಿ, 2025ರ ಏಪ್ರಿಲ್‌ನಲ್ಲಿ ಮಾದಪ್ಪನ ಬೆಟ್ಟದಲ್ಲಿ ಸಂಪುಟ ಸಭೆ ನಡೆಸಿ ಇಳಿದು ಹೋದರು.

ಟೀ ಅಂಗಡಿಯಲ್ಲಿ ಕೂತ ಹಿರಿಯರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಬೀಡಿ ಆರಿಸಿ, ಉಳಿದ ತುಂಡನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಅಂದರು: "ಹುಲಿಗ ಕ್ಯಾಮ್ರ ಮಡಗವ್ರ, ಪಟ್ಟೆ ನೋಡಿ ನಂಬರು ಕೊಟ್ಟವ್ರ. ನಮ್ಗ ಆಧಾರ್ ಕಾರ್ಡು ಅದ ಕಣಪ್ಪ, ಪಟ್ಟೆ ಇಲ್ವಲ್ಲ."

ಆ ರಾತ್ರಿ ಜಿಲ್ಲಾಸ್ಪತ್ರೆ ಬರೆದುಕೊಟ್ಟ ಚೀಟಿ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ ದಯವಿಟ್ಟು ಎಸೆಯಬೇಡಿ. ಮುಂದೆ ಇನ್ನೊಂದು ಆಯೋಗ ಬಂದರೆ ಲೆಕ್ಕ ಮತ್ತೆ ಸೊನ್ನೆಯಿಂದಲೇ ಶುರುವಾಗುತ್ತದೆ.