ಮಡಿವಂತರ ಹಿಮ

ಸ್ವಿಟ್ಜರ್ಲೆಂಡಿನ ಝೆರ್ಮಾಟ್ ಮಹಾ ಮಡಿವಂತ ಊರು. ಪೆಟ್ರೋಲ್ ಕಾರು ಊರೊಳಗೆ ಕಾಲಿಡುವಂತಿಲ್ಲ. ಎಂಥ ಕುಬೇರನಾದರೂ ಕೆಳಗಿನ ಟೇಶ್‌ನಲ್ಲಿ ಕಾರು ಬಿಟ್ಟು ರೈಲು ಹತ್ತಬೇಕು. ಬೀದಿಯಲ್ಲಿ ಓಡಾಡುವುದೆಲ್ಲ ಬ್ಯಾಟರಿ ಗಾಡಿ. ಸದ್ದೇ ಇಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುತ್ತವೆ. ಮೀನಖಂಡದವರೆಗೆ ಪ್ಲಾಸ್ಟಿಕ್ ಬೂಟು ಬಿಗಿದುಕೊಂಡು, ಹೆಗಲ ಮೇಲೆ ಸ್ಕೀ ಹೊತ್ತು, ಟಕ್ ಟಕ್ ಎಂದು ಹಿಮ್ಮಡಿ ಊರುತ್ತ ಹೊರಟ ಭಕ್ತರು ಪಕ್ಕಕ್ಕೆ ಸರಿಯುವುದನ್ನು ನೋಡಬೇಕು!

ಈ ಮಡಿ ನೆಲಕ್ಕೆ ಮಾತ್ರ. ಆಕಾಶಮಾರ್ಗಕ್ಕೆ ಮೈಲಿಗೆಯಿಲ್ಲ. ಯಾರೂ ತುಳಿಯದ ಹಿಮವೇ ಬೇಕೆನ್ನುವ ಗಿರಾಕಿಗಳನ್ನು ಹೆಲಿಕಾಪ್ಟರ್ ಹೊತ್ತೊಯ್ದು ಮೋಂಟೆ ರೋಸಾ ಮೇಲೆ ಇಳಿಸುತ್ತದೆ. ಮೋಜಿಗಾಗಿ ಹೀಗೆ ಇಳಿಸುವುದನ್ನು ನೆರೆಯ ಫ್ರಾನ್ಸ್ 1985ರಲ್ಲೇ ನಿಷೇಧಿಸಿತು. ಪಾಪ, ಫ್ರೆಂಚರಿಗೆ ವ್ಯಾಪಾರ ಗೊತ್ತಿಲ್ಲ.

3,883 ಮೀಟರ್ ಎತ್ತರದ ಕ್ಲೈನ್ ಮ್ಯಾಟರ್‌ಹಾರ್ನ್‌ಗೆ ಕೇಬಲ್ ಕಾರ್ ಇದೆ, ಮೇಲೆ ರೆಸ್ಟೋರೆಂಟೂ ಇದೆ. ಬಿಲ್ ನೋಡಿ ಉಸಿರು ಕಟ್ಟಿದರೆ ತಪ್ಪನ್ನು ತೆಳುಗಾಳಿಯ ಮೇಲೆ ಹಾಕಬಹುದು. ವರ್ಷದ 365 ದಿನವೂ ಸ್ಕೀಯಿಂಗ್ ಎಂಬುದು ಊರಿನ ಹೆಗ್ಗಳಿಕೆ. 2022ರ ಜುಲೈನಲ್ಲಿ ಹಿಮನದಿಗೆ ಈ ಜಾಹೀರಾತು ತಲುಪಿರಲಿಲ್ಲವೋ ಏನೋ, ಹಿಮ ಸಾಲದೆ ಬೇಸಿಗೆ ಸ್ಕೀಯಿಂಗ್ ನಿಂತಿತು. ಇಲ್ಲಿ ಹೊರಟು ಇಟಲಿಯಲ್ಲಿ ಮುಗಿಯಬೇಕಿದ್ದ ವಿಶ್ವಕಪ್ ರೇಸುಗಳೂ ಆ ವರ್ಷ ಅದೇ ಕಾರಣಕ್ಕೆ ರದ್ದಾದವು.

ಅಷ್ಟಕ್ಕೇ ಕೈಚೆಲ್ಲುವವರೇ? 2023ರಲ್ಲಿ ಅಗೆಯುವ ಯಂತ್ರಗಳನ್ನೇ ಥಿಯೊಡುಲ್ ಹಿಮನದಿಗೆ ಹತ್ತಿಸಿದರು. ಹಿಮಗಡ್ಡೆ ಕೆತ್ತಿದರು, ಬಿರುಕು ತುಂಬಿದರು, ಓಟದ ದಾರಿ ಹದ ಮಾಡಿದರು. ಫೋಟೊಗಳು ಪತ್ರಿಕೆಯಲ್ಲಿ ಬಂದ ಮೇಲೆ, ಅನುಮತಿಯ ಗಡಿಯಾಚೆಗೂ ಅಗೆದಿದ್ದಾರೆಂದು ಅಧಿಕಾರಿಗಳಿಗೆ ಹೊಳೆದು ಅಲ್ಲಿಯ ಕೆಲಸಕ್ಕೆ ತಡೆ ಬಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ವಿದ್ಯೆ ನಮ್ಮ ಇಲಾಖೆಗಳ ಸ್ವತ್ತೆಂದುಕೊಂಡಿದ್ದೆವು, ಸ್ವಿಸ್ಸರೂ ಕಲಿತಿದ್ದಾರೆ.

ಕೊನೆಗೆ ರೇಸಿನ ದಿನ ಬಂತು. ಹಿಂದಿನ ವರ್ಷ ಬಾರದ ಹಿಮ ಈ ಸಲ ಬೇಡವೆಂದರೂ ಸುರಿಯಿತು, ಜೊತೆಗೆ ಗಾಳಿ. ಮತ್ತೆ ಎಲ್ಲವೂ ರದ್ದು. ಆ ಎರಡು ವರ್ಷಗಳಲ್ಲಿ ಸ್ವಿಸ್ ಹಿಮನದಿಗಳು ತಮ್ಮ ಗಾತ್ರದ ಶೇ 10ರಷ್ಟನ್ನು ಕಳೆದುಕೊಂಡವು. ಮುಂದಿನ ವೇಳಾಪಟ್ಟಿಯಿಂದ ಈ ರೇಸನ್ನೇ ಕೈಬಿಟ್ಟರು. ಅಷ್ಟೆಲ್ಲ ಅಗೆದ ಆ ದಾರಿಯಲ್ಲಿ ವಿಶ್ವಕಪ್‌ನ ಒಂದೇ ಒಂದು ಓಟವೂ ನಡೆಯಲಿಲ್ಲ.