ಎನ್.ಜಿ. ಶಾಟ್‌ಗಳನ್ನು ಎಸೆಯಬೇಡಿ: ಕನ್ನಡ ಚಿತ್ರಗಳ ಸಂಕಲನಕಾರರಿಗೆ ದಾವಣಗೆರೆಯಿಂದ ಬಹಿರಂಗ ಪತ್ರ

ಮಾನ್ಯ ಸಂಕಲನಕಾರರೇ,

ತಿಂಗಳುಗಟ್ಟಲೆ ಕೂತು, ತಪ್ಪೆಲ್ಲ ಹೆಕ್ಕಿ ತೆಗೆದು ನೀವು ಸಿನಿಮಾವನ್ನು ಚೊಕ್ಕ ಮಾಡುತ್ತೀರಿ. ನಾವು ದುಡ್ಡು ಕೊಟ್ಟು ಅದನ್ನು ನೋಡಿ, ಆಮೇಲೆ ನೀವು ಹೆಕ್ಕಿ ತೆಗೆದದ್ದು ಎಲ್ಲಿದೆ ಎಂದು ಹುಡುಕುತ್ತೇವೆ. ಇದು ನಿಮ್ಮ ಕೆಲಸಕ್ಕೆ ಮಾಡುವ ಅವಮಾನವಲ್ಲ. ಆ ಚೂರುಗಳಲ್ಲಿ, ಅಂದರೆ ‘ನೋ ಗುಡ್’ ಎಂದು ಬದಿಗಿಟ್ಟ ಎನ್.ಜಿ. ಶಾಟ್‌ಗಳಲ್ಲಿ, ನಮಗೆ ಸಿಗುವುದೇನು, ಅವನ್ನು ನೀವು ಯಾಕೆ ಜೋಪಾನ ಮಾಡಬೇಕು ಎಂದು ಹೇಳಲು ಬರೆಯುತ್ತಿದ್ದೇನೆ.

ನಮ್ಮೂರ ಟಾಕೀಸುಗಳಲ್ಲಿ ರಾತ್ರಿ ಆಟ ಬಿಡುವ ಹೊತ್ತಿಗೆ ಹರಿಹರದ ಕಡೆಯವರಿಗೆ ಬಸ್ಸಿನ ಚಿಂತೆ. ಖಳನಾಯಕ ನೆಲಕ್ಕೆ ಬಿದ್ದ ಅಂದಕೂಡಲೇ ಎದ್ದುಬಿಡುತ್ತಿದ್ದರು. ಜಾಕಿ ಚಾನ್ ಸಿನಿಮಾ ಆದರೆ ಮಾತ್ರ ಬಾಗಿಲ ತನಕ ಹೋದವರೂ ಅಲ್ಲೇ ನಿಂತುಬಿಡುವರು. ಹೆಸರುಗಳ ಜೊತೆಗೇ ಜಾಕಿ ಜಾರಿ ಬೀಳುವುದು, ಮಾತು ಮರೆತು ನಗುವುದು ಬರುತ್ತಿತ್ತಲ್ಲ, ಅದಕ್ಕೆ. 1981ರ ‘ದಿ ಕ್ಯಾನನ್‌ಬಾಲ್ ರನ್’ನಲ್ಲಿ ಸಣ್ಣ ಪಾತ್ರ ಮಾಡಿದ್ದ ಜಾಕಿ, ನಿರ್ದೇಶಕ ಹಾಲ್ ನೀಧಮ್ ಕೊನೆಯಲ್ಲಿ ಇಂಥ ಚೂರುಗಳನ್ನು ಹಾಕಿದ್ದು ಕಂಡು ತನ್ನ ಸಿನಿಮಾಗಳಿಗೂ ಆ ಪದ್ಧತಿ ತಂದ. ಎರಡು ಗಂಟೆ ಸೋಲದೆ ಹೊಡೆದಾಡಿದವನು ಹತ್ತು ಸಲ ಬಿದ್ದಿದ್ದ ಎಂದು ಕೊನೆಗೆ ಗೊತ್ತಾದಾಗ ಅವನ ಮೇಲಿನ ಗೌರವ ಹೆಚ್ಚಾಗುತ್ತಿತ್ತು.

ದಾವಣಗೆರೆಯವರಿಗೆ ಈ ರುಚಿ ಹತ್ತಿದ್ದು ಸಿನಿಮಾದಿಂದಲ್ಲ. ಇದು ಕಂಪನಿ ನಾಟಕದ ಊರು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಅವರ ಮಗಳು ಚಿಂದೋಡಿ ಲೀಲಾ ಮುಂದೆ ನಡೆಸಿದರು. 1988ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಒಂದೇ ಕ್ಯಾಂಪಿನಲ್ಲಿ ಒಂದೇ ನಾಟಕ ತಿಂಗಳುಗಟ್ಟಲೆ ನಡೆಯುತ್ತಿದ್ದ ಕಾಲ. ಮೂರನೇ ಸಲ ಬಂದವರಿಗೆ ಕತೆ ಗೊತ್ತು, ಡೈಲಾಗೂ ಬಾಯಿಪಾಠ. ಆದರೂ ಬರುತ್ತಿದ್ದದ್ದು, ಹಾಸ್ಯಪಾತ್ರದವರು ಇವತ್ತು ಹೊಸದೇನು ಸೇರಿಸುತ್ತಾರೆ, ಎದುರು ನಿಂತವರು ನಗು ತಡೆದುಕೊಳ್ಳುತ್ತಾರೋ ಇಲ್ಲವೋ ಎಂದು ನೋಡುವುದಕ್ಕೆ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಅಷ್ಟು ವರ್ಷ ಬಾಳಿದ್ದರಲ್ಲೂ ಈ ಗುಟ್ಟಿದೆ. ಬೆಳಗಿನ ಪೇಪರಿನ ಸುದ್ದಿ ಅಂದೇ ರಾತ್ರಿ ಅವರ ಬಾಯಲ್ಲಿ ಮಾತಾಗುತ್ತಿತ್ತು.

ಹರಿಹರ ತಾಲ್ಲೂಕಿನ ಹಳ್ಳಿಯೊಂದರ ಜಾತ್ರೆಯ ನಾಟಕದಲ್ಲಿ ನೋಡಿದ್ದನ್ನು ಹೇಳುತ್ತೇನೆ. ಸೀನರಿ ಬಾಡಿಗೆಯದು, ನಾಯಕಿ ದಾವಣಗೆರೆಯಿಂದ ಬಂದ ವೃತ್ತಿ ಕಲಾವಿದೆ, ಮಿಕ್ಕವರೆಲ್ಲ ಊರಿನ ರೈತರು. ದುಷ್ಟ ಗೌಡನ ಪಾರ್ಟು ಮಾಡಿದವರು ಅಬ್ಬರಿಸುತ್ತಿದ್ದಾಗ ಬೆವರಿಗೆ ಗೋಂದು ಬಿಟ್ಟು ಮೀಸೆಯ ಒಂದು ತುದಿ ಜೋತುಬಿತ್ತು. ಅವರಿಗದು ಗೊತ್ತಿಲ್ಲ. ಕಾಲಿಗೆ ಬಿದ್ದು ಅಳಬೇಕಾಗಿದ್ದ ನಾಯಕಿ ತಲೆ ಎತ್ತಿ ನೋಡಿದವರೇ, ಅದೇ ಅಳುದನಿಯಲ್ಲಿ, “ಗೌಡ್ರೇ, ನಿಮ್ಮ ಮಾತಿನ ಮ್ಯಾಲೆ ನಿಮ್ಮ ಮೀಸಿಗೇ ನಂಬಿಕಿ ಇಲ್ಲ, ನಾ ಹೆಂಗ ನಂಬ್ಲಿ?” ಅಂದುಬಿಟ್ಟರು. ಗೌಡರು ಮೀಸೆ ಮುಟ್ಟಿಕೊಂಡರು. ಜನಕ್ಕೆ ಬೆನ್ನು ತಿರುಗಿಸಿ ಅರಮನೆ ಪರದೆಯ ಕಡೆ ನಿಂತರು. ಹೆಗಲು ಮಾತ್ರ ಗಡಗಡ ಅಲುಗುತ್ತಿತ್ತು. ಪೇಟಿ ಮಾಸ್ತರು ಒಂದು ಸ್ವರ ಒತ್ತಿ ಹಿಡಿದು ಅವರಿಗೆ ಸಮಯ ಕೊಟ್ಟರು. ಆಮೇಲೆ ಒಂದು ಬೆರಳಲ್ಲಿ ಮೀಸೆ ಒತ್ತಿಕೊಂಡು, ಮೊದಲಿಗಿಂತ ಜೋರಾಗಿ ಗುಡುಗಿ, ಗೌಡರು ಆ ದೃಶ್ಯ ಮುಗಿಸಿಯೇ ಬಿಟ್ಟರು.

ಜನ “ಒನ್ಸ್ ಮೋರ್” ಎಂದು ಕೂಗಿದರು. ಬಿಡಲಿಲ್ಲ. ಜಾತ್ರೆ ಕಮಿಟಿಯವರೂ ಒಪ್ಪಿದರು. ಎರಡನೇ ಸಲ ಗೌಡರು ತಾವೇ ಮೀಸೆ ಕಿತ್ತು ಜೋತುಬಿಟ್ಟರು, ನಾಯಕಿ ಅದೇ ಮಾತು ಅಂದರು, ಗೌಡರು ಮತ್ತೆ ಬೆನ್ನು ತಿರುಗಿಸಿದರು. ಹಿಂದೆ ಕೂತ ಹುಡುಗರು ಒಂದೆರಡು ಸೀಟಿ ಹೊಡೆದದ್ದು ಬಿಟ್ಟರೆ ಯಾರೂ ನಗಲಿಲ್ಲ.

ಸಂಕಲನಕಾರರೇ, ನನ್ನ ತಕರಾರೆಲ್ಲ ಆ ಎರಡನೇ ಸಲದ ಬಗ್ಗೆ. ಈಗ ಸಿನಿಮಾ ಪ್ರಚಾರಕ್ಕೆಂದು ಬರುವ ಎಷ್ಟೋ ‘ಬ್ಲೂಪರ್ಸ್’ ಆ ಎರಡನೇ ಮೀಸೆಯೇ. ನಟ ಬೇಕೆಂದೇ ಮಾತು ತಪ್ಪುತ್ತಾನೆ, ಸುತ್ತಲಿನವರು ಸರಿಯಾದ ಹೊತ್ತಿಗೆ ನಗುತ್ತಾರೆ, ಕ್ಯಾಮೆರಾ ಮೊದಲೇ ಆ ಕಡೆ ತಿರುಗಿರುತ್ತದೆ. 1998ರ ‘ಎ ಬಗ್ಸ್ ಲೈಫ್’ ಎಂಬ ಅನಿಮೇಷನ್ ಸಿನಿಮಾದ ಕೊನೆಯಲ್ಲೂ ಇರುವೆಗಳು ಮಾತು ಮರೆಯುತ್ತವೆ. ಕಂಪ್ಯೂಟರಿನ ಇರುವೆ ತಾನಾಗಿ ತಪ್ಪುವುದಿಲ್ಲ ಎಂಬುದು ನೋಡುವವರಿಗೆಲ್ಲ ಗೊತ್ತಿರುವುದರಿಂದ ಅದರಲ್ಲಿ ಮೋಸವಿಲ್ಲ. ಮನುಷ್ಯರು ಹಾಗೆ ಮಾಡಿದರೆ ಮೋಸ. ನಗಬಾರದು ಎಂದು ಮನಸ್ಸಿಟ್ಟು ಕೆಲಸ ಮಾಡುತ್ತಿದ್ದವನ ಹಿಡಿತ ತಪ್ಪಿ ನಗು ಹೊರಬಿದ್ದರೆ ಮಾತ್ರ ನಮಗೂ ನಗು ಬರುತ್ತದೆ. ಆ ಗೌಡರು ಪಾರ್ಟನ್ನು ಶ್ರದ್ಧೆಯಿಂದ ಮಾಡುತ್ತಿದ್ದರು, ಅದಕ್ಕೇ ನಕ್ಕೆವು.

ಜೊತೆಯವರನ್ನು ನಗಿಸುವುದೂ ಒಂದು ಕಸುಬೇ. ಅಮೆರಿಕದ ‘ದಿ ಕೆರೊಲ್ ಬರ್ನೆಟ್ ಶೋ’ 1967ರಿಂದ 1978ರವರೆಗೆ ಟಿವಿಯಲ್ಲಿ ಬಂತು. ಪ್ರೇಕ್ಷಕರೆದುರು ಅದನ್ನು ಎರಡು ಸಲ ಚಿತ್ರೀಕರಿಸುತ್ತಿದ್ದರು. ಟಿಮ್ ಕಾನ್ವೇ ಮೊದಲನೇ ಸಲ ಬರೆದದ್ದನ್ನು ಬರೆದಂತೆ ಮಾಡಿ, ಹೊಸ ಚೇಷ್ಟೆಗಳನ್ನೆಲ್ಲ ಎರಡನೆಯದಕ್ಕೆ ಬಚ್ಚಿಟ್ಟುಕೊಳ್ಳುತ್ತಿದ್ದ. ಎದುರಿದ್ದ ಹಾರ್ವೆ ಕಾರ್ಮನ್‌ಗೆ ಏನು ಬರುತ್ತದೆಂಬ ಸುಳಿವೂ ಇರುತ್ತಿರಲಿಲ್ಲ. ಅವನು ಒದ್ದಾಡಿದ್ದು ನಿಜ, ಸೋತದ್ದೂ ನಿಜ.

ನಮ್ಮಲ್ಲಿ ಇಂಥದ್ದು ಉಳಿಯಲಿಲ್ಲ. ಕಾರಣವೂ ತಿಳಿಯುತ್ತದೆ. ನಾನೂರು ಅಡಿಯ ಫಿಲಂ ರೋಲು ಓಡಿದರೆ ನಾಲ್ಕೂವರೆ ನಿಮಿಷಕ್ಕೆ ಖಾಲಿ. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಕೂಡಿ 1960ರಲ್ಲಿ ‘ರಣಧೀರ ಕಂಠೀರವ’ ನಿರ್ಮಿಸಿದರು. ಅಂಥವರಿಗೆ ಕೆಟ್ಟ ಟೇಕ್ ಅಂದರೆ ಕೈಬಿಟ್ಟು ಹೋದ ದುಡ್ಡು. ಮಾತೆಲ್ಲ ಆಮೇಲೆ ಡಬ್ಬಿಂಗ್ ಆಗುತ್ತಿದ್ದ ಚಿತ್ರಗಳಲ್ಲಿ ಸೆಟ್ಟಿನ ನಗುವಿನ ಸದ್ದನ್ನು ಹಿಡಿದಿಡುವವರೂ ಇರಲಿಲ್ಲ. ನನಗೆ ಅತಿ ಹೆಚ್ಚು ಕೊರಗು ಬಾಲಕೃಷ್ಣ ಅವರದು. ಚಿಕ್ಕಂದಿನಿಂದ ಕಿವಿ ಕೇಳಿಸದ ಮನುಷ್ಯ, ಎದುರಿನವರ ತುಟಿ ನೋಡಿಕೊಂಡು ತನ್ನ ಮಾತಿನ ಸರದಿ ಹಿಡಿಯುತ್ತಿದ್ದರು. ಪರದೆಯ ಮೇಲೆ ಅದರ ಗುರುತೇ ಕಾಣುವುದಿಲ್ಲ. ಒಂದು ಟೇಕ್ ಕೆಟ್ಟು, ಅವರೂ ನರಸಿಂಹರಾಜು ಅವರೂ ಮುಖ ಮುಖ ನೋಡಿಕೊಂಡು, ಮತ್ತೆ ಶುರು ಮಾಡಿದ ಅರ್ಧ ನಿಮಿಷ ಸಿಕ್ಕಿದ್ದರೆ ಅವರ ಪ್ರತಿಭೆ ಎಂಥದ್ದೆಂದು ಎಷ್ಟೋ ಪುಸ್ತಕಗಳಿಗಿಂತ ಚೆನ್ನಾಗಿ ತಿಳಿಯುತ್ತಿತ್ತು.

ಚಾಪ್ಲಿನ್‌ನ ಬೇಡದ ಶಾಟ್‌ಗಳು ಹೇಗೋ ಉಳಿದವು. ಅವನ್ನು ಜೋಡಿಸಿ ಕೆವಿನ್ ಬ್ರೌನ್‌ಲೋ, ಡೇವಿಡ್ ಗಿಲ್ 1983ರಲ್ಲಿ ‘ಅನ್‌ನೋನ್ ಚಾಪ್ಲಿನ್’ ಮಾಡಿದರು. 1917ರ ‘ದಿ ಇಮಿಗ್ರಂಟ್’ ಹೋಟೆಲಿನ ಹಾಸ್ಯವಾಗಿ ಶುರುವಾಗಿ, ಹಡಗಿನ ಕತೆ ಆಮೇಲೆ ಹುಟ್ಟಿತು ಎಂಬುದು ಆ ಚೂರುಗಳಿಂದಲೇ ಗೊತ್ತಾಯಿತು. ನಮ್ಮೂರಲ್ಲಿ ಫೋನ್ ಹಿಡಿದು ಕಾಮಿಡಿ ಮಾಡುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಎಲ್ಲಿದೆ?

ಹಾಗೆಂದು ಎಲ್ಲ ಸಿನಿಮಾದ ಬಾಲಕ್ಕೂ ಇದನ್ನು ಅಂಟಿಸಿ ಎನ್ನುತ್ತಿಲ್ಲ. 1979ರ ‘ಬೀಯಿಂಗ್ ದೇರ್’ ಕೊನೆಗೆ ಪೀಟರ್ ಸೆಲರ್ಸ್‌ಗೆ ನಗು ತಡೆಯಲಾಗದ ಟೇಕ್‌ಗಳನ್ನು ಹಾಕಿದರು. ತಾನು ಕಟ್ಟಿದ ಪಾತ್ರ ಅದರಿಂದ ಒಡೆಯಿತು ಎಂದು ಸೆಲರ್ಸ್ ನೊಂದುಕೊಂಡ. ನಾನು ಅವನ ಪಕ್ಷ. ಅಳಿಸಿ ಕಳಿಸುವ ಸಿನಿಮಾ ಅಳಿಸಿಯೇ ಕಳಿಸಲಿ. ನಟಿಯೊಬ್ಬರು ಎಡವಿದ್ದು, ಜೂನಿಯರ್ ಕಲಾವಿದನೊಬ್ಬ ಬೈಸಿಕೊಂಡಿದ್ದು ಎಲ್ಲರ ಮನರಂಜನೆಗೆ ಇರುವ ಸರಕಲ್ಲ. ಅವರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ತೋರಿಸಿ.

ಆದರೆ ಇಟ್ಟುಕೊಳ್ಳಿ. ಈಗ ಫಿಲಂ ಖರ್ಚಿಲ್ಲ, ಸೆಟ್ಟಿನಲ್ಲೇ ಧ್ವನಿ ಹಿಡಿಯುವವರೂ ಹೆಚ್ಚಾಗಿದ್ದಾರೆ. ಸಿನಿಮಾ ಬಿಡುಗಡೆಯಾದ ಮೇಲೆ ಹಾರ್ಡ್‌ ಡಿಸ್ಕ್ ಖಾಲಿ ಮಾಡುವ ಮುನ್ನ ಹಾಸ್ಯ ದೃಶ್ಯಗಳ ಎನ್.ಜಿ.ಗಳನ್ನು ಕ್ಲಾಪ್ ಬೋರ್ಡಿನ ಸಮೇತ, ಧ್ವನಿಯ ಸಮೇತ ಬೇರೆ ತೆಗೆದಿಡಿ. ಸೀನ್ ನಂಬರು, ತಾರೀಕು, ಯಾರ್ಯಾರು ಇದ್ದರು ಎಂದು ಬರೆದಿಡಿ.

ಇನ್ನೊಂದು ಕೋರಿಕೆ ನಮ್ಮೂರಿನದೇ. ಚಿಂದೋಡಿ ಲೀಲಾ ಅವರು 1995ರಲ್ಲಿ ನಿರ್ಮಿಸಿದ ಪಂಚಾಕ್ಷರ ಗವಾಯಿಗಳ ಚಿತ್ರದ ಸಂಕಲನದ ಮೇಜಿನ ಬಳಿ ಇದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಮಿಕ್ಕ ರೀಲಿನ ಡಬ್ಬಿ ಎಲ್ಲಾದರೂ ಉಳಿದಿದೆಯೇ ಎಂದು ದಯವಿಟ್ಟು ಹುಡುಕಿ. ಗಂಭೀರ ಚಿತ್ರವೇ ಇರಬಹುದು, ಆದರೆ ನಾಟಕದವರ ಸೆಟ್ಟು, ಯಾರೂ ನಗದೆ ಇದ್ದಿರಲಾರರು. ಸಿಕ್ಕರೆ ದಾವಣಗೆರೆಗೆ ತನ್ನಿ. ಪ್ರೊಜೆಕ್ಟರು, ಜಾಗ, ಜನ ಮೂರನ್ನೂ ನಾವು ಹೊಂದಿಸುತ್ತೇವೆ.

ಇಂತಿ ನಿಮ್ಮ,
ದಾವಣಗೆರೆಯ ಒಬ್ಬ ಪ್ರೇಕ್ಷಕ