ತೂಕಡಿಸುವ ಕೋಳಿ

ಥರ್ಮಾಮೀಟರು 38.4 ತೋರಿಸುತ್ತಿತ್ತು. ನಮ್ಮೂರ ಲೆಕ್ಕದಲ್ಲಿ ನೂರಾ ಒಂದು. 'ಜ್ವರ ಬಂದಿದೆ, ಬರಲಾಗುವುದಿಲ್ಲ' ಎಂದು ಹೆನ್ ಪಾರ್ಟಿಯ ವಾಟ್ಸಾಪ್ ಗುಂಪಿಗೆ ಬರೆದೆ. ಒಂದು ನಿಮಿಷದೊಳಗೆ ಹದಿಮೂರು ಅಳುಮುಖಗಳು ಬಂದವು. ಹಿಂದೆಯೇ ಮದುಮಗಳ ಆಪ್ತಗೆಳತಿಯಿಂದ, ಅಂದರೆ ಮೇಡ್ ಆಫ್ ಆನರ್ ಎಂಬ ಕಾರ್ಯಕ್ರಮಾಧಿಕಾರಿಯಿಂದ, ಒಂದು ಸಾಲು: ಪಾಪ, ಬೇಗ ಹುಷಾರಾಗಿ, ಅಂದ ಹಾಗೆ ನಿಮ್ಮ 145 ಪೌಂಡು ವಾಪಸ್ ಬರಲ್ಲ, ಗೊತ್ತಲ್ವಾ?

ಕೊನೆಗೆ ಮದುಮಗಳ ತಾಯಿಯಾದ ನಾದಿನಿಯ ಫೋನು. ಅವಳು ದುಡ್ಡಿನ ಮಾತೇ ಎತ್ತಲಿಲ್ಲ. "ಇರಲಿ ಬಿಡಿ ಅತ್ತಿಗೆ. ಹುಡುಗನ ಕಡೆಯಿಂದ ಅವನ ಅಜ್ಜಿ ಬರ್ತಿದಾರೆ, ಎಂಬತ್ತೊಂದು ವರ್ಷ. ನಮ್ಮ ಕಡೆಯಿಂದ ಸೋದರಮಾವನ ಹೆಂಡ್ತೀನೇ ಇಲ್ಲ ಅಂದ್ರೆ... ಇರಲಿ ಬಿಡಿ."

ಕನ್ನಡದಲ್ಲಿ 'ಇರಲಿ ಬಿಡಿ' ಒಂದು ಸಲ ಬಂದರೆ ಕ್ಷಮೆ. ಎರಡು ಸಲ ಬಂದರೆ ಸಮನ್ಸು. ಎದ್ದು ಸೀರೆ ಉಟ್ಟೆ.

ಹೆನ್ ಪಾರ್ಟಿ ಅಂದರೇನೆಂದು ಹಾಸನದಲ್ಲಿರುವ ಅಮ್ಮನಿಗೆ ಹಿಂದಿನ ವಾರವೇ ವಿವರಿಸಿದ್ದೆ. ಮದುವೆಗೆ ಮುಂಚೆ ಹೆಂಗಸರೇ ಸೇರಿ ಮಾಡುವ ಸಂಭ್ರಮ ಅಂದೆ. "ಓ, ಬಳೆ ಶಾಸ್ತ್ರ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಮಧ್ಯೆ ಕೋಳಿ ಯಾಕೆ ಬಂತು?" ಅಂದಳು. ಲಂಡನ್ನಿನಲ್ಲಿ ಇಷ್ಟು ವರ್ಷ ಇದ್ದೂ ನನಗೆ ಉತ್ತರ ಹೊಳೆಯಲಿಲ್ಲ.

ಥೇಮ್ಸ್ ನದಿಯ ಮೇಲೊಂದು ದೋಣಿ. ಹತ್ತುತ್ತಲೇ ನನ್ನ ಹೆಗಲಿಗೆ ಗುಲಾಬಿ ಬಣ್ಣದ ಪಟ್ಟಿಯೊಂದನ್ನು ಇಳಿಬಿಟ್ಟರು, ಚುನಾವಣೆ ಗೆದ್ದ ಪುರಸಭಾ ಸದಸ್ಯೆಗೆ ಹಾಕುವ ಹಾಗೆ. ಮದುಮಗಳ ಬೆನ್ನಿಗೆ ಕೆಂಪು 'ಎಲ್' ಫಲಕ. ಈ ದೇಶದಲ್ಲಿ ಕಾರು ಕಲಿಯುವವರು ಹಚ್ಚಿಕೊಳ್ಳುವಂಥದ್ದು. ಆ ಹುಡುಗನ ಜೊತೆ ನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿ ಸಂಸಾರ ನಡೆಸುತ್ತಿರುವವಳು ಇನ್ನೇನು ಕಲಿಯಬೇಕೋ, ಕೇಳುವ ತ್ರಾಣ ನನಗಿರಲಿಲ್ಲ.

ಬಾಟಮ್‌ಲೆಸ್ ಬ್ರಂಚ್ ಅಂದರೆ ತಳವಿಲ್ಲದ ಲೋಟ. ಒಂದೂವರೆ ಗಂಟೆ ಪ್ರೊಸೆಕ್ಕೊ ಸುರಿಯುತ್ತಲೇ ಇರುತ್ತಾರೆ. ಪ್ಯಾರಸಿಟಮಾಲ್ ವಿಷಯದಲ್ಲಿ ಮಾತ್ರ ಇದೇ ದೇಶ ಬಲು ಕಟ್ಟುನಿಟ್ಟು. 1998ರಿಂದ ಸೂಪರ್ ಮಾರ್ಕೆಟ್ಟಿನ ಪೊಟ್ಟಣದಲ್ಲಿ 16 ಮಾತ್ರೆ ಮೀರುವಂತಿಲ್ಲ. ಎರಡಕ್ಕಿಂತ ಹೆಚ್ಚು ಪೊಟ್ಟಣ ಎತ್ತಿಕೊಂಡರೆ ಗಲ್ಲೆಯ ಹುಡುಗಿ ಮುಖ ನೋಡುತ್ತಾಳೆ. ಮಾತ್ರೆಗೆ ತಳವಿದೆ.

ನಮ್ಮ ಹಳೆಯ ಮದುವೆ ಮನೆಗಳನ್ನು ಎಷ್ಟು ಬೇಕಾದರೂ ಬೈಯಿರಿ, ಅಲ್ಲೊಂದು ಹಿಂದಿನ ಕೋಣೆ ಇರುತ್ತಿತ್ತು. ತೆಂಗಿನಕಾಯಿ ರಾಶಿ, ಬಾಳೆಗೊನೆ, ಮಡಿಸಿಟ್ಟ ಜಮಖಾನಗಳ ಗುಡ್ಡೆ. ಆ ಗುಡ್ಡೆಯ ಮೇಲೆ ಜ್ವರದವರು, ಬಾಣಂತಿಯರು, ಯಾರ ಮೇಲೋ ಮುನಿಸಿಕೊಂಡ ಚಿಕ್ಕಮ್ಮಂದಿರು ಒರಗಿರುತ್ತಿದ್ದರು. ಯಾರೋ ಕಷಾಯ ತಂದಿಟ್ಟು ಹೋಗುತ್ತಿದ್ದರು. ಮಲಗಿಕೊಂಡೇ ಮದುವೆಗೆ ಬಂದ ಹಾಗೆ ಆಗುತ್ತಿತ್ತು. ಹೆನ್ ಪಾರ್ಟಿಗೆ ಹಿಂದಿನ ಕೋಣೆಯಿಲ್ಲ, ವೇಳಾಪಟ್ಟಿಯಿದೆ. ಕೊಕ್ಕರೆ ರೋಗ ಬಡಿದು ತೂಕಡಿಸುವ ಕೋಳಿಯನ್ನು ಹಳ್ಳಿಯವರು ಬೇರೆ ಮಂಕರಿಯಡಿ ಮುಚ್ಚಿಡುತ್ತಾರೆ. ಇಲ್ಲಿ ಅದನ್ನೇ ನಡುವಿಗೆ ಕೂರಿಸಿ ಫೋಟೋ ತೆಗೆಯುತ್ತಾರೆ.

ಮೂರೂಕಾಲಿಗೆ ಆಟ. ಟಾಯ್ಲೆಟ್ ಪೇಪರ್ ಸುತ್ತಿ ಒಬ್ಬರಿಗೆ ಮದುವೆಯ ಗೌನು ತೊಡಿಸಬೇಕು. ಅಲುಗಾಡದೆ ಕೂತಿದ್ದವಳು ನಾನೊಬ್ಬಳೇ, ಹಾಗಾಗಿ ಅವಿರೋಧ ಆಯ್ಕೆ. ಮೂರು ಸುರುಳಿ ಖಾಲಿ ಮಾಡಿದರು. ಮಾತ್ರೆಯ ಪ್ರಭಾವಕ್ಕೆ ಬೆವರು ಕಿತ್ತುಕೊಂಡು ಬಂತು. ಕತ್ತಿನ ಸುತ್ತಲಿನ ಕಾಗದ ನೆನೆದು ಅಕ್ಕಿ ಹಪ್ಪಳದ ಹಿಟ್ಟಿನ ಹಾಗೆ ಚರ್ಮಕ್ಕೆ ಮೆತ್ತಿಕೊಂಡಿತು. "ವಾವ್ ಆಂಟಿ, ಗ್ಲೋ ಆಗ್ತಿದೀರಾ!" ಅಂದಳು ಯಾವಳೋ. ಇಡೀ ಮಧ್ಯಾಹ್ನ ನನಗೆ ನಿಜವಾಗಿ ಬೇಕಿದ್ದ ವಸ್ತುವೂ ಆ ಕಾಗದವೇ. ತೋಳನ್ನು ಹರಿದು ಮೂಗು ಸೀಟಿದೆ. ಅಂಕ ಕಳೆದರು.

ಹೊರಗೆ ನೋಡಿದರೆ ಪಾರ್ಲಿಮೆಂಟಿನ ಎದುರು ದಡ. ಸೇಂಟ್ ಥಾಮಸ್ ಆಸ್ಪತ್ರೆ. ಹಗ್ಗ ಎಸೆದರೆ ಸಿಗುವಷ್ಟು ಹತ್ತಿರ, ಆದರೆ ದೋಣಿಗೆ ಅಲ್ಲಿ ನಿಲುಗಡೆಯಿಲ್ಲ. ಆಸ್ಪತ್ರೆಯ ಮುಂದೆ ಕೆಂಪು ಹೃದಯಗಳ ಉದ್ದನೆಯ ಗೋಡೆ: ಕೋವಿಡ್‌ನಲ್ಲಿ ಸತ್ತ ಒಬ್ಬೊಬ್ಬರಿಗೂ ಒಂದೊಂದರಂತೆ 2021ರಲ್ಲಿ ಬರೆಯತೊಡಗಿದ್ದು. ಯಾರಾದರೂ ಕೆಮ್ಮಿದರೆ ಎರಡು ಮೀಟರ್ ಆಚೆ ಹಾರುತ್ತಿದ್ದ ಊರು ಇದೇ. "ಓ, ಹಾರ್ಟ್ಸ್! ಮದುವೆ ಥೀಮಿಗೆ ಸರಿಹೋಗುತ್ತೆ," ಎಂದು ಡೆವನ್ನಿನಿಂದ ಬಂದ ಹುಡುಗಿಯೊಬ್ಬಳು ಎಲ್ಲರನ್ನೂ ಕಿಟಕಿಗೆ ಒತ್ತಿ ಸೆಲ್ಫಿ ತೆಗೆದಳು. ನಾನು ಕೆಮ್ಮು ನುಂಗಿಕೊಂಡು ನಕ್ಕೆ. ಫೋಟೋ ಚೆನ್ನಾಗಿ ಬಂದಿದೆ.

ಲ್ಯಾಂಬೆತ್ ಸೇತುವೆ ದಾಟಿತು. ಅಲ್ಲೇ ದಡದ ಮೇಲೆ ಬಸವಣ್ಣನ ಪ್ರತಿಮೆಯಿದೆ, 2015ರಲ್ಲಿ ಅನಾವರಣ ಮಾಡಿದ್ದು. ದೇಹವೇ ದೇಗುಲ ಎಂದು ನಂಬಿದವನಿಗೆ ಟಾಯ್ಲೆಟ್ ಪೇಪರ್ ಸುತ್ತಿಕೊಂಡು ಹೇಗೆ ಮುಖ ತೋರಿಸಲಿ? ಬೇರೆ ಕಡೆ ತಿರುಗಿ ಕೂತೆ.

ಆಗ ಕಂಡರು, ಮೂಲೆಯಲ್ಲಿ ಹುಡುಗನ ಅಜ್ಜಿ. ನಮ್ಮನ್ನು ನಾಚಿಸಲು ಎಂಬತ್ತೊಂದರಲ್ಲೂ ಹೊರಟುಬಂದ ಆ ಉತ್ಸಾಹಮೂರ್ತಿಯ ತಲೆ ಎದೆಗೆ ಬಿದ್ದಿತ್ತು, ಮೂಗು ಕೆಂಪಗಿತ್ತು. ಹೋಗಿ ಪಕ್ಕ ಕೂತೆ.

"ಮೂರು ದಿನದಿಂದ ನೆಗಡಿ ಕಣಮ್ಮ. ಬರಲ್ಲ ಅಂತಲೇ ಹೇಳಿದ್ದೆ," ಎಂದು ಪಿಸುಗುಟ್ಟಿದರು. "ಇಂಡಿಯಾದ ಆಂಟಿ ಜ್ವರದಲ್ಲೂ ಎದ್ದು ಬರ್ತಿದಾರೆ, ನೀನು ಬರಲ್ವಾ ಅಂದರು."

ಗೌನಿನ ಸೆರಗಿನಲ್ಲಿ ಒಣಗಿದ ಭಾಗ ಹುಡುಕಿ, ಒಂದು ಮೊಳ ಹರಿದು ಅವರಿಗೂ ಕೊಟ್ಟೆ.